ಟ್ರಯಲ್‌ಗೆ ಹುಡುಗರು ಸಿಗ್ತಿಲ್ಲ ಅನ್ನುವವರಿಗೆ: ಮಾನಸಿಕ ಆರೋಗ್ಯದ ಅಧ್ಯಯನಕ್ಕೆ ಹರೆಯದವರನ್ನು ಸೇರಿಸುವುದು ಹೇಗೆ?

"ಮೂರು ತಿಂಗಳಾಯ್ತು ಮೇಡಂ. ನಲವತ್ತು ಜನ ಬೇಕು, ಸಿಕ್ಕಿದ್ದು ನಾಲ್ಕೇ ಜನ. ಏನು ಮಾಡೋದು?"

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಕಡೆಯಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಕೇಳುವವರು ಎಂಡಿ ಓದುತ್ತಿರುವ ಡಾಕ್ಟರುಗಳು, ಅಧ್ಯಯನದ ದಿನನಿತ್ಯದ ಕೆಲಸ ನೋಡಿಕೊಳ್ಳಲು ಹೊಸದಾಗಿ ಬಂದ ಸ್ಟಡಿ ಕೋ-ಆರ್ಡಿನೇಟರ್‌ಗಳು, ಒಮ್ಮೊಮ್ಮೆ ಮನೋರೋಗ ವಿಭಾಗದ ಸಮಾಜ ಕಾರ್ಯಕರ್ತರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹರೆಯದವರು ಅಂದರೆ ಇಲ್ಲಿ 12 ರಿಂದ 25 ವರ್ಷದವರು ಅಂತ ಇಟ್ಟುಕೊಳ್ಳಿ. ಮನಸ್ಸಿನ ಕಾಯಿಲೆಗಳಲ್ಲಿ ಜಾಸ್ತಿ ಶುರುವಾಗುವುದು ಈ ವಯಸ್ಸಿನಲ್ಲೇ. ಆದರೆ ನಾವು ಕೊಡುವ ಎಷ್ಟೋ ಗುಳಿಗೆಗಳನ್ನು ಪರೀಕ್ಷೆ ಮಾಡಿದ್ದು ದೊಡ್ಡವರ ಮೇಲೆ. 15 ವರ್ಷದ ಹುಡುಗಿಗೆ ಎಷ್ಟು ಡೋಸ್ ಸರಿ, ಯಾವ ಅಡ್ಡ ಪರಿಣಾಮ ಅವಳಲ್ಲಿ ಜಾಸ್ತಿ ಅಂತ ತಿಳಿಯಬೇಕಾದರೆ ಅವಳ ವಯಸ್ಸಿನವರೇ ಅಧ್ಯಯನಕ್ಕೆ ಬರಬೇಕು. ಅದಕ್ಕೇ ಈ ಕೆಲಸ ಮುಖ್ಯ. ಅದಕ್ಕೇ ಇದನ್ನು ಅವಸರದಲ್ಲಿ ಮಾಡಬಾರದು ಕೂಡ.

ಕೆಲವು ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರಯಲ್ ಅಂದರೆ ಒಂದು ಚಿಕಿತ್ಸೆ ಕೆಲಸ ಮಾಡುತ್ತದಾ ಅಂತ ರೋಗಿಗಳಲ್ಲಿ ಪರೀಕ್ಷೆ ಮಾಡಿ ನೋಡುವ ಅಧ್ಯಯನ. ಒಪಿಡಿ ಅಂದರೆ ಆಸ್ಪತ್ರೆಯ ಹೊರರೋಗಿ ವಿಭಾಗ. ಪ್ರೋಟೊಕಾಲ್ ಅಂದರೆ ಅಧ್ಯಯನವನ್ನು ಹೇಗೆ ಮಾಡಬೇಕು ಅಂತ ಬರೆದಿಟ್ಟ ಯೋಜನೆ. ಎಥಿಕ್ಸ್ ಕಮಿಟಿ ಅಂದರೆ ಆ ಯೋಜನೆಯಿಂದ ರೋಗಿಗೆ ಅನ್ಯಾಯ ಆಗುತ್ತದಾ ಅಂತ ನೋಡುವ ಸಮಿತಿ. ಪ್ಲಸೀಬೊ ಅಂದರೆ ನೋಡಲು ಅದೇ ಥರ ಇದ್ದು ಒಳಗೆ ಔಷಧಿ ಇಲ್ಲದ ಗುಳಿಗೆ. ಕನ್ಸೆಂಟ್ ದೊಡ್ಡವರು ಕೊಡುವ ಒಪ್ಪಿಗೆ, ಅಸೆಂಟ್ 18 ದಾಟದವರು ತಮ್ಮ ಮಟ್ಟಿಗೆ ಕೊಡುವ ಒಪ್ಪಿಗೆ.

1. ರಿಜಿಸ್ಟರ್ ತೆಗೆದು ನಿಜವಾದ ಲೆಕ್ಕ ಹಾಕಿ

ಬಹಳ ಜನ ಎಡವುವುದು ಇಲ್ಲೇ. "ನಮ್ಮ ಒಪಿಡಿಗೆ ದಿನಾ ಅರವತ್ತು ಜನ ಬರ್ತಾರೆ, ನಲವತ್ತು ಹುಡುಗರು ಸಿಗೋದು ಏನು ದೊಡ್ಡ ಮಾತು" ಅಂತ ಪ್ರೋಟೊಕಾಲ್‌ನಲ್ಲಿ ಬರೆದುಬಿಡುತ್ತಾರೆ. ಅಧ್ಯಯನ ಶುರುವಾದ ದಿನವೇ ರೋಗಿಗಳೆಲ್ಲ ಎಲ್ಲಿ ಹೋದರೋ ಅನ್ನುವ ಹಾಗಾಗುತ್ತದೆ. ಇದು ನಮ್ಮ ಕಡೆಯ ಸಮಸ್ಯೆ ಮಾತ್ರ ಅಲ್ಲ. ಲೂಯಿ ಲಸಾನಿಯಾ ಅನ್ನುವ ಅಮೆರಿಕದ ಔಷಧ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ಒಂದು ನಿಯಮವೇ ಇದೆ.

ಹೋದ ಮೂರು ತಿಂಗಳ ಒಪಿಡಿ ರಿಜಿಸ್ಟರ್ ತಗೊಳ್ಳಿ, ಪೆನ್ಸಿಲ್ ಹಿಡಿದು ಕೂತ್ಕೊಳ್ಳಿ. ವಯಸ್ಸು ಹೊಂದದವರನ್ನು ಹೊಡೆದುಹಾಕಿ. ಕಾಯಿಲೆ ಹೊಂದದವರನ್ನು ಹೊಡೆದುಹಾಕಿ. ಈಗಾಗಲೇ ಬೇರೆ ಗುಳಿಗೆ ತಗೊಳ್ಳುತ್ತಿರುವವರು, ಫಿಟ್ಸ್ ಇರುವವರು, ಕುಡಿತ ಅಥವಾ ಗಾಂಜಾ ಇರುವವರು, ಆತ್ಮಹತ್ಯೆಯ ಯೋಚನೆ ತೀವ್ರವಾಗಿ ಇರುವವರು, ನಿಮ್ಮ ಪ್ರೋಟೊಕಾಲ್ ಯಾರನ್ನು ಬೇಡ ಅನ್ನುತ್ತದೋ ಅವರೆಲ್ಲ ಹೋಗಲಿ. ಉಳಿದವರಲ್ಲಿ ಒಂದೇ ಸಲ ಬಂದು ಮತ್ತೆ ಮುಖ ತೋರಿಸದವರು ಎಷ್ಟು ಅಂತ ನೋಡಿ. ಕೊನೆಗೆ ಉಳಿಯುವುದು ಸಣ್ಣ ಸಂಖ್ಯೆ. ಅದರಲ್ಲಿ ಅರ್ಧ ಜನ ಒಪ್ಪಿದರೆ ದೊಡ್ಡದು.

ಧೈರ್ಯಕ್ಕೆ ಒಂದು ಉದಾಹರಣೆ. ಹದಿಹರೆಯದವರ ಖಿನ್ನತೆಯ ಬಗ್ಗೆ ಅಮೆರಿಕದಲ್ಲಿ ನಡೆದ ಟ್ಯಾಡ್ಸ್ ಅನ್ನುವ ಹೆಸರಾದ ಅಧ್ಯಯನಕ್ಕೆ 13 ಕೇಂದ್ರಗಳು ಸೇರಿ 2000 ದಿಂದ 2003 ರವರೆಗೆ ಸೇರಿಸಿದ್ದು 439 ಮಕ್ಕಳನ್ನು. ಭಾಗಿಸಿ ನೋಡಿ, ಒಂದು ಕೇಂದ್ರಕ್ಕೆ ವರ್ಷಕ್ಕೆ ಸುಮಾರು ಹತ್ತೇ ಜನ! ಅಷ್ಟು ಹಣ, ಅಷ್ಟು ಸಿಬ್ಬಂದಿ ಇದ್ದೂ ಹಾಗೆ. ನಿಮಗೆ ಮೂರು ತಿಂಗಳಲ್ಲಿ ನಾಲ್ಕು ಜನ ಸಿಕ್ಕಿದ್ದರೆ ನೀವು ಸೋತಿಲ್ಲ, ಲೆಕ್ಕ ತಪ್ಪಿತ್ತು ಅಷ್ಟೇ. ಎಥಿಕ್ಸ್ ಕಮಿಟಿಗೆ ಬರೆದು ಅವಧಿ ಹೆಚ್ಚಿಸಿಕೊಳ್ಳಿ.

2. ಕಾಗದಪತ್ರ ಮೊದಲು, ರೋಗಿ ಆಮೇಲೆ

ಎಥಿಕ್ಸ್ ಕಮಿಟಿಯ ಅನುಮತಿ ಕೈಗೆ ಬರದೆ ಒಬ್ಬರ ಹತ್ತಿರವೂ ಮಾತಾಡಬೇಡಿ. ಸಿಟಿಆರ್‌ಐ ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ. 2018 ರ ಏಪ್ರಿಲ್‌ನಿಂದ ಅಲ್ಲಿ ಮೊದಲ ರೋಗಿ ಸೇರುವ ಮುಂಚೆಯೇ ನೋಂದಣಿ ಆಗಬೇಕು, ಆಮೇಲೆ ಮಾಡಿಸ್ತೀನಿ ಅಂದರೆ ಆಗುವುದಿಲ್ಲ.

ಒಪ್ಪಿಗೆಯ ನಿಯಮಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್‌ನ 2017 ರ ಮಾರ್ಗಸೂಚಿ ಪ್ರಕಾರ 7 ರಿಂದ 12 ವರ್ಷದವರಿಂದ ಬಾಯಿಮಾತಿನ ಅಸೆಂಟ್, 12 ರಿಂದ 18 ರವರಿಂದ ಬರೆದುಕೊಟ್ಟ ಅಸೆಂಟ್. ಎರಡರ ಜೊತೆಗೂ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕೇ ಬೇಕು. ಅಪಾಯ ಜಾಸ್ತಿ ಇದ್ದರೆ ಇಬ್ಬರ ಸಹಿಯನ್ನೂ ಕಮಿಟಿ ಕೇಳಬಹುದು. ಹೊಚ್ಚ ಹೊಸ ಔಷಧಿಯ ಟ್ರಯಲ್ ಆದರೆ, ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್‌ಗಳ 2019 ರ ನಿಯಮಗಳ ಪ್ರಕಾರ ಮಕ್ಕಳಂಥ ದುರ್ಬಲ ಸ್ಥಿತಿಯಲ್ಲಿರುವವರ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಿ ಇಡಬೇಕು. ಓದಲು ಬರದವರಾದರೆ ಅಧ್ಯಯನಕ್ಕೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಮೊದಲಿಂದ ಕೊನೆಯವರೆಗೂ ಕೂತಿರಬೇಕು. ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಯಾರನ್ನೋ ಕರೆದು ಸಹಿ ಹಾಕಿಸಬೇಡಿ.

ಭಾಷೆ ಮರೆಯಬೇಡಿ. ಬೆಳಗಾವಿ, ಖಾನಾಪುರದ ಕಡೆ ಮರಾಠಿ ಪ್ರತಿ ಬೇಕು, ವಿಜಯಪುರದಲ್ಲಿ ಉರ್ದು ಬೇಕು. ತಾಂಡಾಗಳಿಂದ ಬರುವವರಿಗೆ ಲಂಬಾಣಿ ಮಾತಾಡುವ ಒಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು. ಕನ್ನಡ ಪ್ರತಿ ಕೂಡ ಬೆಂಗಳೂರಿನಿಂದ ಬಂದದ್ದಾದರೆ ಒಮ್ಮೆ ನಿಮ್ಮ ವಾರ್ಡಿನ ಆಯಾ ಅವರ ಮುಂದೆ ಓದಿ. "ಯಾದೃಚ್ಛಿಕ ಹಂಚಿಕೆ" (ಯಾರಿಗೆ ಯಾವ ಗುಳಿಗೆ ಅಂತ ಚೀಟಿ ಎತ್ತಿದ ಹಾಗೆ ಹಂಚುವುದು) ಅನ್ನುವಾಗ ಅವರ ಮುಖ ನೋಡಿ. ಅರ್ಥ ಆಗದಿದ್ದರೆ ಆ ಸಾಲನ್ನು ಬದಲಿಸಿ ಕಮಿಟಿಗೆ ಮತ್ತೆ ಕಳಿಸಿ.

3. ಹುಡುಗರು ಎಲ್ಲಿರುತ್ತಾರೋ ಅಲ್ಲಿಗೆ ಹೋಗಿ

ಅವರು ಮೊದಲು ನಮ್ಮ ಹತ್ತಿರ ಬರುವುದೇ ಇಲ್ಲ. ತಲೆನೋವು ಅಂತ ಮೆಡಿಸಿನ್ ಒಪಿಡಿಗೆ ಹೋಗುತ್ತಾರೆ. ಎದೆ ಡವಡವ ಅಂತ ಇಸಿಜಿ ಮಾಡಿಸಿಕೊಳ್ಳುತ್ತಾರೆ. ಗಾಳಿ ಸೋಕಿದೆ ಅಂತ ಅಮಾವಾಸ್ಯೆಗೆ ದೇವರ ಗುಡಿಗೋ ದರ್ಗಾಕ್ಕೋ ಹೋಗಿ ತಾಯತ ಕಟ್ಟಿಸಿಕೊಂಡು ಬರುತ್ತಾರೆ. ನಮ್ಮ ಕಡೆ "ಧಾರವಾಡಕ್ಕ ಕಳಸ್ಬೇಕು" ಅನ್ನುವ ಮಾತಿಗೆ ಎಂಥ ಅರ್ಥ ಇದೆ ಅಂತ ನಿಮಗೆ ಗೊತ್ತೇ ಇದೆ. ಹುಚ್ಚಾಸ್ಪತ್ರೆಗೆ ಸೇರಿಸಬೇಕು ಅನ್ನುವ ಆ ಮಾತಿಗೆ ಹೆದರಿ ವರ್ಷಗಟ್ಟಲೆ ಮನೆಯಲ್ಲೇ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಹಾಗಾಗಿ ಮೆಡಿಸಿನ್, ಮಕ್ಕಳ ವಿಭಾಗ, ಚರ್ಮದ ವಿಭಾಗದ ಡಾಕ್ಟರುಗಳಿಗೆ ಒಂದು ಪುಟದ ಮಾಹಿತಿ ಕೊಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಜೊತೆ ಮಾತಾಡಿಕೊಂಡು ಗೋಕಾಕಕ್ಕೋ ಜಮಖಂಡಿಗೋ ಸಿಂದಗಿಗೋ ಒಮ್ಮೆ ಹೋಗಿ ಬನ್ನಿ. ಆಶಾ ಕಾರ್ಯಕರ್ತೆಯರನ್ನು, ಹಳ್ಳಿಗಳಲ್ಲಿ ಹೆರಿಗೆ, ಆರೋಗ್ಯ ನೋಡಿಕೊಳ್ಳುವ ಎಎನ್‌ಎಂ ಸಿಸ್ಟರುಗಳನ್ನು ಪರಿಚಯ ಮಾಡಿಕೊಳ್ಳಿ.

"ನಮ್ಮ ಜನ ಟ್ರಯಲ್‌ಗೆ ಒಪ್ಪಲ್ಲ" ಅನ್ನುವವರಿಗೆ ಒಂದು ಮಾತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ದೊಡ್ಡ ಅಧ್ಯಯನ 2002 ರಿಂದ 2005 ರವರೆಗೆ ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ. 1620 ಹೆಣ್ಣುಮಕ್ಕಳು ಸೇರಿದ್ದರು, ಅದೂ ಪ್ಲಸೀಬೊ ಇದ್ದ ಅಧ್ಯಯನಕ್ಕೆ. ಅಲ್ಲಿ ಗುಳಿಗೆ ಕೊಟ್ಟವರು ಊರಿನವರಿಗೆ ಪರಿಚಯ ಇದ್ದ ಎಎನ್‌ಎಂ ಸಿಸ್ಟರುಗಳು. ನಂಬಿಕೆ ಇರುವ ಕಡೆ ನಮ್ಮ ಜನ ಬರುತ್ತಾರೆ.

ಎರಡು ಎಚ್ಚರಿಕೆ. ರೋಗಿಯನ್ನು ಕಳಿಸಿದವರಿಗೆ ತಲೆಗೆ ಇಷ್ಟು ಅಂತ ದುಡ್ಡು ಕೊಡಬೇಡಿ. ಮತ್ತೆ ಪೋಸ್ಟರ್ ಇರಲಿ, ವಾಟ್ಸಾಪ್ ಮೆಸೇಜ್ ಇರಲಿ, ಎಥಿಕ್ಸ್ ಕಮಿಟಿ ನೋಡದೆ ಹೊರಗೆ ಹೋಗಬಾರದು. "ಉಚಿತ ಚಿಕಿತ್ಸೆ" ಅಂತ ದಪ್ಪ ಅಕ್ಷರದಲ್ಲಿ ಹಾಕಿದ ಪೋಸ್ಟರ್ ನೋಡಿ ಬರುವವರು ಅಧ್ಯಯನಕ್ಕೆ ಬರುತ್ತಿಲ್ಲ, ಬೇರೆ ದಾರಿ ಇಲ್ಲದೆ ಬರುತ್ತಿದ್ದಾರೆ.

4. ಮೊದಲ ಮಾತು: ಬೇಗ ಸಿಕ್ಕ "ಹೂಂ" ನಂಬಬೇಡಿ

ರಾಮದುರ್ಗದ ಕಡೆಯ ಒಬ್ಬ ತಂದೆ, ಮಗನ ಕೇಸ್ ಪೇಪರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡವರು, ನಾನು ಎರಡನೇ ವಾಕ್ಯ ಮುಗಿಸುವ ಮುಂಚೆಯೇ ಅಂದರು: "ಸಾಹೇಬ್ರು ಹೇಳ್ಯಾರಂದ್ರ ಮುಗೀತ್ರಿ ಅಕ್ಕಾರ, ಎಲ್ಲಿ ಸಹಿ ಮಾಡ್ಲಿ?" ಪಕ್ಕದಲ್ಲಿ ಕೂತ ಮಗ ಚಪ್ಪಲಿಯ ಉಂಗುಷ್ಟ ತಿರುವುತ್ತಾ ನೆಲ ನೋಡುತ್ತಿದ್ದ. ಇದು ಒಪ್ಪಿಗೆ ಅಲ್ಲ. ಬೇಡ ಅಂದರೆ ಔಷಧಿ ನಿಲ್ಲಿಸುತ್ತಾರೇನೋ ಅನ್ನುವ ಹೆದರಿಕೆ.

ಅದಕ್ಕೇ ಚಿಕಿತ್ಸೆ ಕೊಡುವ ಡಾಕ್ಟರೇ ಒಪ್ಪಿಗೆ ಕೇಳುವುದು ಬೇಡ. ಅವರು ಅಧ್ಯಯನದ ಬಗ್ಗೆ ಒಂದು ಮಾತು ತಿಳಿಸಿ ಎದ್ದು ಹೋಗಲಿ, ಉಳಿದದ್ದನ್ನು ನೀವು ಹೇಳಿ. ಮೊದಲ ವಾಕ್ಯವೇ ಇದಾಗಿರಲಿ: "ಬ್ಯಾಡ ಅಂದ್ರೂ ಇದೇ ಡಾಕ್ಟರು, ಇದೇ ಗುಳಿಗೆ, ಏನೂ ಬದಲಾಗೂದಿಲ್ರಿ."

"ಪ್ರಯೋಗ" ಅನ್ನುವ ಪದಕ್ಕೆ ಜನ ಹೆದರುತ್ತಾರೆ, ನಿಜ. "ನಮ್ಮ ಹುಡುಗನ ಮ್ಯಾಲೆ ಪ್ರಯೋಗ ಮಾಡ್ತೀರೇನ್ರಿ?" ಅಂತ ಕೇಳುತ್ತಾರೆ. ಆಗ "ಇಲ್ಲ ಇಲ್ಲ, ಇದು ಹೊಸ ಟ್ರೀಟ್‌ಮೆಂಟ್" ಅಂತ ಜಾರಿಕೊಳ್ಳಬೇಡಿ. ಹೌದು, ಎರಡರಲ್ಲಿ ಯಾವುದು ಒಳ್ಳೆಯದು ಅಂತ ನಮಗೂ ಇನ್ನೂ ಗೊತ್ತಿಲ್ಲ, ಅದನ್ನು ತಿಳಿಯಲಿಕ್ಕೇ ಇದು ಅಂತ ಹೇಳಿ.

ಯಾರಿಗೆ ಯಾವ ಗುಳಿಗೆ ಅನ್ನುವುದನ್ನು ವಿವರಿಸಲು ನಾನು ಭಿಶಿಯ ಉದಾಹರಣೆ ಕೊಡುತ್ತೇನೆ. ಹೆಣ್ಣುಮಕ್ಕಳು ಭಿಶಿ ಹಾಕಿ ತಿಂಗಳಿಗೊಮ್ಮೆ ಚೀಟಿ ಎತ್ತುತ್ತಾರಲ್ಲ, ಹಾಗೆ. ಇಲ್ಲಿ ಚೀಟಿ ಎತ್ತುವುದು ಕಂಪ್ಯೂಟರು, ಡಾಕ್ಟರಿಗೂ ಗೊತ್ತಾಗುವುದಿಲ್ಲ. "ದೇವರ ಮುಂದೆ ಚೀಟಿ ಇಟ್ಟ ಹಾಗೆ" ಅನ್ನಬೇಡಿ. ಬಂದ ಗುಳಿಗೆಯನ್ನು ದೇವರೇ ಆರಿಸಿದ್ದು ಅಂದುಕೊಂಡು, ತೊಂದರೆ ಆದರೂ ಹೇಳದೆ ನುಂಗುವವರಿದ್ದಾರೆ.

ರಕ್ತದ ಬಗ್ಗೆ ಕೇಳಿಯೇ ಕೇಳುತ್ತಾರೆ. ಐದು ಎಂಎಲ್ ಅನ್ನಬೇಡಿ. ಖಾಲಿ ಟ್ಯೂಬನ್ನು ಕೈಗೆ ಕೊಡಿ, ಒಂದು ಚಹಾ ಚಮಚದಷ್ಟು ಅಂತ ಹೇಳಿ, ಎಷ್ಟು ಸಲ ಅಂತಲೂ ಹೇಳಿ. ತಾಯಿ ಆ ಟ್ಯೂಬನ್ನು ತಿರುಗಿಸಿ ನೋಡಿ ಮಗಳ ಕೈಗೆ ಕೊಡುತ್ತಾಳೆ. ಆಮೇಲೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ಮನೆಗೆ ಕಳಿಸಿ. ಅವತ್ತೇ ಸಹಿ ಬೇಡ. ಸೋದರಮಾವನನ್ನೋ ಊರಿನ ಮಾಸ್ತರನ್ನೋ ಕೇಳಿಕೊಂಡು ಬರಲಿ.

5. ಹುಡುಗ ಅಥವಾ ಹುಡುಗಿಯ ಜೊತೆ ಬೇರೆಯಾಗಿ ಮಾತಾಡಿ

ಅಪ್ಪ ಅವ್ವ ಹೊರಗೆ ಬೆಂಚಿನ ಮೇಲೆ, ನೀವು ಮತ್ತು ಅವರು ಒಳಗೆ, ಬಾಗಿಲು ಅರ್ಧ ತೆರೆದಿರಲಿ. ಹುಡುಗಿಯಾದರೆ ಮಹಿಳಾ ಸಿಬ್ಬಂದಿ ಇರಲಿ. ಹುಡುಗ "ಬೇಡ" ಅಂದರೆ ಅಪ್ಪ ಸಹಿ ಮಾಡಿದ್ದರೂ ಬೇಡವೇ. ಮಾತಲ್ಲಿ ಹೇಳದೆ ತಲೆ ಅಲ್ಲಾಡಿಸಿದರೂ, ಪೆನ್ನು ಹಿಡಿದು ಸುಮ್ನೆ ಕೂತರೂ ಅದನ್ನು "ಬೇಡ" ಅಂತಲೇ ತಗೊಳ್ಳಿ.

ಅವರು ಕೇಳುವ ಪ್ರಶ್ನೆಗಳು ಬೇರೆ. ದಪ್ಪ ಆಗ್ತೀನಾ? ಕ್ಲಾಸಲ್ಲಿ ನಿದ್ದೆ ಬರುತ್ತಾ? ಫ್ರೆಂಡ್ಸಿಗೆ ಗೊತ್ತಾಗುತ್ತಾ? ಪೊಲೀಸ್ ಭರ್ತಿಗೆ ತೊಂದರೆ ಆಗುತ್ತಾ? ಒಂದೊಂದಕ್ಕೂ ನೇರ ಉತ್ತರ ಕೊಡಿ.

ಮೂತ್ರದ ಗರ್ಭ ಪರೀಕ್ಷೆಯ ವಿಷಯ ಬಹಳ ನಾಜೂಕು. ಎಷ್ಟೋ ಔಷಧಿ ಟ್ರಯಲ್‌ಗಳಲ್ಲಿ ಇದು ಕಡ್ಡಾಯ. ಮದುವೆಯಾಗದ ಮಗಳಿಗೆ ಈ ಪರೀಕ್ಷೆ ಅಂದ ಕೂಡಲೇ ಎದ್ದು ಹೋದ ಮನೆಯವರಿದ್ದಾರೆ, ಅವರ ತಪ್ಪೇನೂ ಇಲ್ಲ. ನಾವು ಅದನ್ನು ಲ್ಯಾಬ್ ಚೀಟಿಯಲ್ಲಿ ಬರೆದು ಕಳಿಸಿಬಿಟ್ಟಿರುತ್ತೇವೆ, ಮೊದಲೇ ಹೇಳಿರುವುದಿಲ್ಲ. ಮೊದಲ ಮಾತಿನಲ್ಲೇ ಹೇಳಿ: ಮೈನೆರೆದ ಪ್ರತಿ ಹುಡುಗಿಗೂ ಇದು ಮಾಡುತ್ತೇವೆ, ಯಾರ ಮೇಲೂ ಸಂಶಯ ಇಲ್ಲ, ಗುಳಿಗೆಯಿಂದ ತೊಂದರೆ ಆಗಬಾರದು ಅಂತ. ಫಲಿತಾಂಶ ಯಾರಿಗೆ, ಹೇಗೆ ತಿಳಿಸುತ್ತೀರಿ ಅನ್ನುವುದನ್ನು ಎಥಿಕ್ಸ್ ಕಮಿಟಿಯ ಜೊತೆ ಮುಂಚೆಯೇ ಬರೆದು ಒಪ್ಪಿಕೊಂಡಿರಿ.

"ನೀನು ಹೇಳಿದ್ದು ಯಾರಿಗೂ ಹೇಳಲ್ಲ" ಅಂತ ಮಾತ್ರ ಮಾತು ಕೊಡಬೇಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ಮನೆಯವರಿಗೆ ಹೇಳಲೇಬೇಕು. 18 ದಾಟದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾನೂನಿನ ಪ್ರಕಾರ ವರದಿ ಮಾಡಲೇಬೇಕು. ಈ ಎರಡನ್ನು ಮೊದಲೇ ಹೇಳಿ, ಆಮೇಲೆ ಉಳಿದದ್ದು ಗುಟ್ಟಾಗಿ ಇರುತ್ತದೆ ಅಂತ ಹೇಳಿ.

ಅಧ್ಯಯನದ ನಡುವೆ 18 ತುಂಬಿದರೆ ಹೊಸದಾಗಿ ಅವರದೇ ಕನ್ಸೆಂಟ್ ಬೇಕು. ಹುಟ್ಟಿದ ತಾರೀಕನ್ನು ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡಿ, ಇದನ್ನು ಮರೆಯುವವರೇ ಜಾಸ್ತಿ.

6. ಅರ್ಥ ಆಗಿದೆಯಾ ಅಂತ ಕೇಳಬೇಡಿ, ಹೇಳಿಸಿ

"ತಿಳೀತೇನ್ರಿ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಮನಿಗೆ ಹೋದ ಮ್ಯಾಲೆ ಅಜ್ಜಿ ಕೇಳಿದ್ರ ಏನಂತ ಹೇಳ್ತಿ?" ಅಂತ ಕೇಳಿ. ಮೂರು ವಿಷಯ ಅವರ ಬಾಯಿಂದಲೇ ಬರಬೇಕು: ಇದು ಅಧ್ಯಯನ, ಔಷಧಿ ಇಲ್ಲದ ಗುಳಿಗೆಯೂ ಸಿಗಬಹುದು, ಯಾವಾಗ ಬೇಕಾದರೂ ಬಿಡಬಹುದು. ಎರಡನೆಯದು ಬರದಿದ್ದರೆ ಇನ್ನೂ ಅರ್ಥ ಆಗಿಲ್ಲ. ಡಾಕ್ಟರು ನನಗೇ ಒಳ್ಳೆಯ ಗುಳಿಗೆ ಆರಿಸಿ ಕೊಟ್ಟಿರ್ತಾರೆ ಅನ್ನುವ ತಪ್ಪು ನಂಬಿಕೆ ಓದಿದವರಲ್ಲೂ ಇರುತ್ತದೆ.

ಕಿವಿಯಲ್ಲಿ ಧ್ವನಿ ಕೇಳುತ್ತಿರುವ, ಸಂಶಯದಲ್ಲಿ ಮುಳುಗಿರುವ ಹುಡುಗನಿಂದ ಅವತ್ತು ಸಹಿ ತಗೊಳ್ಳಬೇಡಿ. ಸ್ವಲ್ಪ ಶಾಂತವಾದ ಮೇಲೆ ಮತ್ತೆ ಕೇಳಿ. 2017 ರ ಮಾನಸಿಕ ಆರೋಗ್ಯ ಕಾಯ್ದೆಯ 99ನೇ ಕಲಂ ಪ್ರಕಾರ ಸಂಶೋಧನೆಗೆ ರೋಗಿಯದೇ ಸ್ವತಂತ್ರ ಒಪ್ಪಿಗೆ ಬೇಕು. ಕೊಡುವ ಸ್ಥಿತಿಯಲ್ಲಿ ಇಲ್ಲ, ಆದರೆ ವಿರೋಧಿಸುತ್ತಲೂ ಇಲ್ಲ ಅಂದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅಣ್ಣನ ಸಹಿ ಒಂದನ್ನೇ ತಗೊಂಡು ಮುಂದೆ ಹೋಗುವ ದಾರಿ ಇಲ್ಲ.

ಸಹಿ ಆದ ಪ್ರತಿಯನ್ನು ಅವರ ಕೈಗೆ ಕೊಡಿ. ಅದು ಅವರ ಹಕ್ಕು.

7. ಬರುವ ದಾರಿ ಸುಲಭ ಮಾಡಿ

ನನ್ನ ಅನುಭವದಲ್ಲಿ ಸಹಿ ಮಾಡಿದವರು ಬಿಟ್ಟು ಹೋಗುವುದು ಗುಳಿಗೆಯ ಹೆದರಿಕೆಗಿಂತ ಜಾಸ್ತಿ ಬಸ್ಸಿನಿಂದ, ಕೂಲಿಯಿಂದ, ಪರೀಕ್ಷೆಯಿಂದ. ಸೇರಿಸುವಾಗಲೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಲ್ಲ ಭೇಟಿಗಳ ತಾರೀಕು ಗುರುತು ಮಾಡಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ತಿಂಗಳು ಬರುತ್ತದಾ? ಕಬ್ಬು ಕಡಿಯುವ ಹಂಗಾಮು ಶುರುವಾಗುತ್ತದಾ? ದೀಪಾವಳಿ ಮುಗಿದ ಮೇಲೆ ಮನೆಯವರೆಲ್ಲ ಗೋವಾಕ್ಕೋ ಪುಣೆಗೋ ದುಡಿಯಲು ಹೋಗುವವರಾ? ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಗೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೋಗುವವರನ್ನು ಆ ವಾರ ಕರೆದರೆ ಬರುವುದಿಲ್ಲ. ಪ್ರೋಟೊಕಾಲ್‌ನಲ್ಲಿ ಭೇಟಿಗೆ ಮೂರು ದಿನ ಹಿಂದೆ ಮುಂದೆ ಅವಕಾಶ ಇದ್ದರೆ ಅದನ್ನು ಪೂರ್ತಿ ಬಳಸಿ.

ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ, ಮಗಳಿಗೆ ಬಸ್ಸು ಉಚಿತ. ಮಗನಿಗೆ, ಅಪ್ಪನಿಗೆ ಅಲ್ಲ. ಪ್ರಯಾಣದ ಖರ್ಚು, ಹೋದ ದಿನದ ಕೂಲಿ ಎಷ್ಟು ಕೊಡಬೇಕು ಅಂತ ಕಮಿಟಿಯಿಂದ ಮಂಜೂರು ಮಾಡಿಸಿ, ಅವತ್ತೇ ಕೈಗೆ ಕೊಡಿ. ಮುಂದಿನ ತಿಂಗಳು ಖಾತೆಗೆ ಹಾಕ್ತೀವಿ ಅಂದರೆ ಮುಂದಿನ ತಿಂಗಳು ಅವರು ಬರುವುದಿಲ್ಲ. ಆದರೆ ದುಡ್ಡಿನ ಆಸೆಗೇ ಸೇರುವಷ್ಟು ದೊಡ್ಡ ಮೊತ್ತವೂ ಆಗಬಾರದು.

ಫೋನ್ ಮಾಡುವಾಗ ಬಹಳ ಎಚ್ಚರ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಂದು ಮನೆಗೆ ಫೋನ್ ಮಾಡಿ ವಿಭಾಗದ ಹೆಸರು ಹೇಳಿಬಿಟ್ಟೆ. ಎತ್ತಿದ್ದು ಹುಡುಗಿಯ ಕಾಕಾ. ಮನೆಯಲ್ಲಿ ಅವಳ ಲಗ್ನದ ಮಾತು ನಡೆದಿತ್ತಂತೆ. ಅವಳು ಅಧ್ಯಯನಕ್ಕೆ ಅಷ್ಟೇ ಅಲ್ಲ, ಚಿಕಿತ್ಸೆಗೂ ಮತ್ತೆ ಬರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಮೊದಲ ದಿನವೇ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತೇನೆ: ಯಾವ ನಂಬರಿಗೆ ಮಾಡಲಿ, ಎಷ್ಟು ಹೊತ್ತಿಗೆ, ನನ್ನನ್ನು ಯಾರು ಅಂತ ಹೇಳಲಿ. ಬಿಳಿ ಲಕೋಟೆ, ಮೇಲೆ ವಿಭಾಗದ ಹೆಸರು ಇಲ್ಲದ ಗುಳಿಗೆ ಚೀಲ, ಇವೂ ಅಷ್ಟೇ ಮುಖ್ಯ.

8. ತೊಂದರೆ ಬಂದರೆ

ಖಿನ್ನತೆಯ ಔಷಧಿಗಳಿಂದ ಎಳೆಯರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004 ರಲ್ಲಿ ಔಷಧಿಯ ಮಾಹಿತಿ ಚೀಟಿಯಲ್ಲಿ ಕಪ್ಪು ಚೌಕದ ಎಚ್ಚರಿಕೆ ಹಾಕಿತು, 2007 ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಇದನ್ನು ಮನೆಯವರಿಂದ ಮುಚ್ಚಿಡಬೇಡಿ. ಮೊದಲ ಕೆಲವು ವಾರ, ಡೋಸ್ ಬದಲಾದಾಗ, ನಿದ್ದೆ ಇಲ್ಲದೆ ಚಡಪಡಿಸಿದರೆ, ಇದ್ದಕ್ಕಿದ್ದಂತೆ ಸಿಟ್ಟಾದರೆ ಕೂಡಲೇ ತಿಳಿಸಲು ಹೇಳಿ. ಕೀಟನಾಶಕದ ಬಾಟಲಿಗಳನ್ನು ಮನೆಯಲ್ಲಿ ಇಡದೆ ಬೇರೆ ಕಡೆ ಬೀಗ ಹಾಕಿಡಲು ಹೇಳಿ. ನಿಮ್ಮ ನಂಬರಿನ ಜೊತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅನ್ನೂ ಕಾರ್ಡಿನಲ್ಲಿ ಬರೆದುಕೊಡಿ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಜೀವಕ್ಕೆ ಅಪಾಯ, ಆಸ್ಪತ್ರೆಗೆ ದಾಖಲಾಗುವುದು, ಇಂಥದ್ದೇನಾದರೂ ಆದರೆ 24 ಗಂಟೆಯೊಳಗೆ ವರದಿ ಹೋಗಬೇಕು. ಅಧ್ಯಯನದಿಂದ ಆದ ತೊಂದರೆಗೆ ಚಿಕಿತ್ಸೆ ಉಚಿತ, ಪರಿಹಾರವೂ ಇದೆ. ಇದನ್ನು ಒಪ್ಪಿಗೆ ಪತ್ರದಲ್ಲಿ ಬೆರಳಿಟ್ಟು ತೋರಿಸಿ.

9. "ಬೇಡ" ಅಂದವರನ್ನೂ ಬರೆದಿಡಿ

ಹೆಸರು ಬೇಡ. ವಯಸ್ಸು, ತಾಲ್ಲೂಕು, ಅವರು ಹೇಳಿದ ಕಾರಣ ಸಾಕು. "ದೂರ", "ಅಪ್ಪ ಊರಲ್ಲಿಲ್ಲ", "ರಕ್ತ ಬ್ಯಾಡ", "ಲಗ್ನ ಐತಿ", ಅವರ ಮಾತಿನಲ್ಲೇ ಬರೆಯಿರಿ. ಇಪ್ಪತ್ತು ಸಾಲು ಆದ ಮೇಲೆ ಕೂತು ಓದಿ. ಎಂಟು ಜನ "ದೂರ" ಅಂದಿದ್ದರೆ ತಾಲ್ಲೂಕಿನಲ್ಲೇ ಭೇಟಿ ಮಾಡಬಹುದಾ ಅಂತ ಕಮಿಟಿಯನ್ನು ಕೇಳಿ. ಬಿಟ್ಟು ಹೋದವರಿಗೆ ಒಮ್ಮೆ ಫೋನ್ ಮಾಡಿ, ಕರೆಯಲಿಕ್ಕಲ್ಲ, ಹುಡುಗ ಹೇಗಿದ್ದಾನೆ ಅಂತ ಕೇಳಲಿಕ್ಕೆ.

10. ಕೊನೆಯ ಭೇಟಿಯ ದಿನ

ಕೊನೆಯ ಗುಳಿಗೆ ಮುಗಿದ ಮೇಲೆ ಮುಂದೇನು ಅಂತ ಆ ಮನೆಯವರಿಗೆ ಗೊತ್ತಿರುವುದಿಲ್ಲ. ಇಲ್ಲಿಯವರೆಗೆ ಏನು ಕೊಟ್ಟೆವು, ಇನ್ನು ಯಾವ ಔಷಧಿ, ಎಷ್ಟು ಡೋಸ್, ಅಂತ ಅವರ ತಾಲ್ಲೂಕು ಡಾಕ್ಟರಿಗೆ ಒಂದು ಪತ್ರ ಬರೆಯಿರಿ. ಕೆಳಗೆ ಅವರು ಹೋಗಬೇಕಾದ ಮಂಗಳವಾರದ ಕ್ಲಿನಿಕ್ಕಿನ ತಾರೀಕು ಹಾಕಿ. ಪತ್ರವನ್ನು ತಾಯಿಯ ಕೈಗೆ ಕೊಟ್ಟು, ಆ ತಾರೀಕನ್ನು ಹುಡುಗನಿಂದಲೇ ಒಮ್ಮೆ ಓದಿಸಿ ಬಸ್ಸಿಗೆ ಕಳಿಸಿ.